ಮನೆಯ ಲೆಕ್ಕ: ಮಾಳಿಗೆಯ ಮೇಲಿನ ಬಿಸಿಲು

ಕಳೆದ ಸಂಚಿಕೆಯಲ್ಲಿ ಅಡಿಗೆಯ ಅನಿಲದ ಲೆಕ್ಕ ಬರೆದ ಮೇಲೆ ಮೂವರು ವಾಚಕರು ನಮ್ಮನ್ನು ಹಿಡಿದು, “ಮುಂದಿನ ಸಲ ಸೌರ ವಿದ್ಯುತ್ತಿನ ವಿಷಯ ಬರೆಯಿರಿ, ನಿಮ್ಮ ಮಾಳಿಗೆಯ ಮೇಲೆ ಕೂಡಿಸಿದ್ದೀರಂತಲ್ಲ” ಎಂದು ಕೇಳಿದರು. ಕೂಡಿಸಿದ್ದೇನೋ ನಿಜ. ಆದರೆ ಆ ಕಥೆಯನ್ನು ಬರೆಯಲು ನಮಗೆ ಇಷ್ಟು ದಿನ ನಾಚಿಕೆಯಾಗಿತ್ತು. ಕಚೇರಿಗೆ ಬಂದ ಕಾಗದದಲ್ಲಿ ತಾರೀಖು ಒಂದು ತಪ್ಪಿದ್ದರೂ ಷರಾ ಬರೆದು ವಾಪಸು ಕಳಿಸುವ ಗುಮಾಸ್ತರು ನಾವು. ಅಂಥ ನಾವು ಸ್ವಂತ ಮನೆಯ ಕೆಲಸಕ್ಕೆ ಒಂದು ಕಾಗದವನ್ನೂ ಪೂರಾ ಓದದೆ ಒಂದೂವರೆ ಲಕ್ಷ ರೂಪಾಯಿ ಕೊಟ್ಟೆವೆಂದು ಗೊತ್ತಾದರೆ ನಮ್ಮ ಸಾಹೇಬರು ನಮ್ಮ ಮೇಜಿನ ಮೇಲಿನ ಫೈಲುಗಳನ್ನೆಲ್ಲ ಎತ್ತಿಕೊಂಡು ಹೋದಾರು!

ಮನೆ ನಮ್ಮ ತಂದೆಯವರದು. ಧಾರವಾಡದ ಕಡೆಯಿಂದ ಪುಣೆಗೆ ಬಂದು, ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ದುಡಿದು, ಊರ ಹೊರಗೆ ಅಗ್ಗಕ್ಕೆ ಸಿಕ್ಕ ಒಂದೂವರೆ ಗುಂಟೆ ಜಾಗದಲ್ಲಿ ಕಟ್ಟಿಸಿದ್ದು. ಈಗ ಊರು ಆ ಮನೆಯನ್ನು ದಾಟಿ ಎಷ್ಟೋ ಮುಂದೆ ಹೋಗಿದೆ. ಮಾಳಿಗೆಯ ಮೇಲೆ ನಮ್ಮ ತಾಯಿಯವರು ಇರುವವರೆಗೆ ಹಪ್ಪಳ ಸಂಡಿಗೆ ಒಣಗುತ್ತಿದ್ದವು. ಆಮೇಲೆ ಬರಿಯ ಬಿಸಿಲು.

2024ರ ನವೆಂಬರಿನಲ್ಲಿ ಸಂಘದ ರಾಜ್ಯೋತ್ಸವದ ಊಟಕ್ಕೆ ಕುಳಿತಾಗ ಪಕ್ಕದ ಎಲೆಯ ತರುಣನೊಬ್ಬ ಪರಿಚಯ ಮಾಡಿಕೊಂಡ. ಒಳ್ಳೆಯ ಮಾತುಗಾರ. ನಮ್ಮ ಸೀಮೆಯ ಕನ್ನಡ. ಸೌರ ಫಲಕ ಕೂಡಿಸುವ ದೊಡ್ಡ ಕಂಪನಿಯ ಪ್ರತಿನಿಧಿಯಂತೆ. ಮರುದಿನವೇ ಮನೆಗೆ ಬಂದ. ತಂದೆಯವರಿಗೆ “ಕಾಕಾರ” ಎಂದ, ನಮಗೆ “ಅಣ್ಣಾರ” ಎಂದ, ಚಹಾ ತಂದಿಟ್ಟ ನಮ್ಮ ಮನೆಯವರಿಗೆ “ವೈನಿ, ಇಂಥಾ ಚಹಾ ಕುಡದು ಎರಡು ವರ್ಷ ಆಗಿತ್ತು ನೋಡ್ರಿ” ಎಂದ. ಪರ ಊರಿನಲ್ಲಿ ನಮ್ಮ ಮಾತು ಕಿವಿಗೆ ಬಿದ್ದರೆ ಬಾಗಿಲ ಚಿಲಕ ತಾನಾಗಿ ತೆರೆದುಕೊಳ್ಳುತ್ತದೆ. ಇದು ನಿಮಗೂ ಅನುಭವದ ವಿಷಯವೇ ಅಲ್ಲವೆ?

ಅವನು ಹೇಳಿದ ಯೋಜನೆ ಸುಳ್ಳಲ್ಲ. 2024ರ ಫೆಬ್ರುವರಿಯಲ್ಲಿ ಕೇಂದ್ರ ಸರಕಾರವು ‘ಪಿಎಂ ಸೂರ್ಯ ಘರ್’ ಎಂಬ ಯೋಜನೆಯನ್ನು ಆರಂಭಿಸಿತು. ಒಂದು ಕೋಟಿ ಮನೆಗಳ ಮಾಳಿಗೆಯ ಮೇಲೆ ಫಲಕ ಕೂಡಿಸುವ ಗುರಿ. ಮೊದಲ ಎರಡು ಕಿಲೋವಾಟಿಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000, ಹೀಗೆ ಒಂದು ಮನೆಗೆ ಹೆಚ್ಚೆಂದರೆ 78,000 ರೂಪಾಯಿ ಸಹಾಯಧನ. ಆದರೆ ಅದು ಮುಂಗಡವಾಗಿ ಬರುವ ಹಣವಲ್ಲ. ಕೆಲಸ ಮುಗಿದು, ವಿದ್ಯುತ್ ಕಂಪನಿಯವರು ನೆಟ್ ಮೀಟರು ಕೂಡಿಸಿ, ತಪಾಸಣೆ ಮಾಡಿ ಚಾಲನೆಯ ವರದಿ ಕೊಟ್ಟ ಮೇಲೆ ಗ್ರಾಹಕನ ಬ್ಯಾಂಕ್ ಖಾತೆಗೆ ನೇರವಾಗಿ ಜಮೆಯಾಗುತ್ತದೆ. ಅಲ್ಲಿಯವರೆಗೆ ಪೂರ್ತಿ ಹಣ ನಮ್ಮ ಕೈಯಿಂದಲೇ.

ಯೋಜನೆಯ ಹೆಸರಿನ ಬಾಲದಲ್ಲಿ ‘ಮುಫ್ತ್ ಬಿಜ್ಲಿ’ ಎಂದೂ ಇದೆ. ನಮ್ಮ ಮನೆಯವರು ಅದನ್ನು ಓದಿ, “ಮುಫ್ತ್ ಅಂದಮ್ಯಾಲೆ ಒಂದು ಲಕ್ಷ ತೊಂಬತ್ತೈದು ಸಾವಿರ ಯಾಕ ಬೇಕ್ರಿ?” ಎಂದು ಕೇಳಿದರು. ಆ ಪ್ರಶ್ನೆಗೆ ನಾವು ನಕ್ಕೆವು. ಹುಡುಗನೂ ನಕ್ಕ. ತಂದೆಯವರು ತಮ್ಮ ಠೇವಣಿ ಮುರಿಸಿ ಒಂದೂವರೆ ಲಕ್ಷ ತೆಗೆದರು. 1,30,000 ಬ್ಯಾಂಕಿನ ಮೂಲಕ ಹೋಯಿತು. “ಕಟ್ಟಿಗೆ ಸಾಮಾನಿಗೆ ಬೇಕಾಗೇತ್ರಿ ಅಣ್ಣಾರ” ಎಂದು 20,000 ನಗದು ಕೊಂಡುಹೋದ. ಪಾವತಿ? ಕೇಳಲು ಸಂಕೋಚವಾಯಿತು. ಉಳಿದ 45,000 ಕೆಲಸ ಮುಗಿದ ಮೇಲೆ ಎಂದು ಮಾತಾಯಿತು. ತಂದೆಯವರ ಮೊಬೈಲಿಗೆ ಬಂದ ಗುಪ್ತ ಅಂಕಿಗಳನ್ನು ಅವನೇ ಓದಿಕೊಂಡು, ತನ್ನ ಮೊಬೈಲಿನಲ್ಲಿಯೇ ಅರ್ಜಿ ತುಂಬಿ, ಕಂಪನಿಯನ್ನೂ ತಾನೇ ಆರಿಸಿ ಮುಗಿಸಿದ. ನಾವು ಕೃತಜ್ಞತೆಯಿಂದ ನೋಡುತ್ತ ಕುಳಿತಿದ್ದೆವು.

2025ರ ಜನವರಿಯಲ್ಲಿ ಆರು ಫಲಕಗಳು ಮಾಳಿಗೆ ಏರಿದವು. ನೀಲಿಗಪ್ಪು ಬಣ್ಣ, ಕನ್ನಡಿಯ ಹಾಗೆ ಹೊಳಪು. ಆಳುಗಳು ಚಪ್ಪರದ ಕಾಲು ನಿಲ್ಲಿಸಲು ಮಾಳಿಗೆಗೆ ಹನ್ನೆರಡು ತೂತು ಕೊರೆದರು. ಸಿಮೆಂಟಿನ ದಿಮ್ಮಿ ಹಾಕಿ ಅದರ ಮೇಲೆ ಕಾಲು ನಿಲ್ಲಿಸುವ ಪದ್ಧತಿಯೂ ಉಂಟೆಂದು ಆಗ ನಮಗೆ ತಿಳಿದಿರಲಿಲ್ಲ. ನೀರಿನ ತೊಟ್ಟಿಯ ನೆರಳು ಮೂರು ಗಂಟೆಯ ಮೇಲೆ ಎರಡು ಫಲಕಗಳ ಮೇಲೆ ಬೀಳುವುದನ್ನು ತಂದೆಯವರು ತೋರಿಸಿದರು. “ಎರಡರ ಮ್ಯಾಲ ಬಿದ್ರ ಏನಾತ್ರಿ ಕಾಕಾರ, ನಾಕು ಅದಾವಲ್ಲ” ಎಂದು ಬಿಟ್ಟ. ಫಲಕಗಳನ್ನು ಒಂದಕ್ಕೊಂದು ಸರಪಳಿಯಾಗಿ ಜೋಡಿಸಿರುವಾಗ ಒಂದರ ಮೇಲಿನ ನೆರಳು ಸಾಲಿನ ಉಳಿದವುಗಳ ಉತ್ಪತ್ತಿಯನ್ನೂ ಇಳಿಸುತ್ತದೆ. ಒಬ್ಬ ಎತ್ತು ಕುಂಟಿದರೆ ಜೋಡಿ ಎತ್ತೂ ನಿಧಾನವಾಗುವ ಹಾಗೆ.

“ಮೀಟರು ಬರೋದು ತಡಾ ಆಗತೈತಿ, ಅಲ್ಲೀತನ ಚಾಲೂ ಇಡ್ರಿ, ಏನೂ ಆಗೂದಿಲ್ಲ” ಎಂದು ಸ್ವಿಚ್ಚು ಹಾಕಿ ಹೋದ. ತಂದೆಯವರು ಒಂದು ಡೈರಿ ಮಾಡಿ ದಿನವೂ ಸಂಜೆ ಯಂತ್ರದ ಅಂಕಿ ಬರೆದಿಡಲು ಶುರುಮಾಡಿದರು. ಬಂದವರಿಗೆಲ್ಲ ಮಾಳಿಗೆ ತೋರಿಸುವುದೂ ಆಯಿತು. ಹಾಗೆ ನೋಡಿದವರಲ್ಲಿ ನಮ್ಮ ಸಂಘದ ಒಬ್ಬ ನಿವೃತ್ತ ಶಿಕ್ಷಕಿಯೂ ಇದ್ದರು. ಎಲ್ಲರೂ ಅವರನ್ನು ಅಕ್ಕಾವರು ಎನ್ನುತ್ತೇವೆ. ಒಬ್ಬರೇ ಇರುತ್ತಾರೆ. “ಹುಡುಗ ಹೆಂಗರಿ?” ಎಂದು ಅವರು ಕೇಳಿದಾಗ “ನಮ್ಮವನೇ, ಭಯವಿಲ್ಲ” ಎಂದು ನಾವು ಹೇಳಿದೆವು. ಈ ಮಾತನ್ನು ನೆನಪಿನಲ್ಲಿಡಿರಿ.

ಫೆಬ್ರುವರಿಯ ಬಿಲ್ಲು ಬಂತು. ಪ್ರತಿ ತಿಂಗಳು ಸಾವಿರದ ನಾಲ್ಕುನೂರರ ಆಸುಪಾಸಿನಲ್ಲಿ ಇರುತ್ತಿದ್ದುದು ಎರಡು ಸಾವಿರ ದಾಟಿತ್ತು! ತಂದೆಯವರು ಡೈರಿಯನ್ನೂ ಬಿಲ್ಲನ್ನೂ ಪಕ್ಕಪಕ್ಕ ಇಟ್ಟುಕೊಂಡು ರಾತ್ರಿ ಹತ್ತರವರೆಗೆ ಕುಳಿತರು. ಮರುದಿನ ನಾವು ಅರ್ಧ ದಿನದ ರಜೆ ಹಾಕಿ ವಿದ್ಯುತ್ ಕಚೇರಿಗೆ ಹೋದೆವು. ಅಲ್ಲಿನ ಗುಮಾಸ್ತರು ನಮ್ಮ ಜಾತಿಯವರೇ (ಗುಮಾಸ್ತರ ಜಾತಿ ಎಂದು ಅರ್ಥ). ಕೂಡಿಸಿ ತಿಳಿಸಿ ಹೇಳಿದರು. ನೆಟ್ ಮೀಟರು ಎಂದರೆ ಜಮಾ-ಖರ್ಚು ಎರಡೂ ಬರೆಯುವ ಪಾಸ್‌ಬುಕ್ಕು. ಹಗಲು ನಮ್ಮ ಮಾಳಿಗೆಯಿಂದ ಹೆಚ್ಚಾಗಿ ಹೊರಗೆ ಹರಿದ ಯೂನಿಟ್ಟು ಜಮೆ, ರಾತ್ರಿ ನಾವು ತೆಗೆದುಕೊಂಡದ್ದು ಖರ್ಚು. ಆದರೆ ಸಾದಾ ಮೀಟರಿಗೆ ಜಮೆಯ ಕಲಮೇ ಇಲ್ಲ. ಕೆಲವು ಮೀಟರುಗಳು ಹೊರಗೆ ಹೋದ ವಿದ್ಯುತ್ತನ್ನೂ ಒಳಗೆ ಬಂದದ್ದೆಂದೇ ಎಣಿಸಿಬಿಡುತ್ತವೆ. ನಾವು ಬಿಸಿಲಿನಿಂದ ಮಾಡಿದ ವಿದ್ಯುತ್ತಿಗೆ ನಾವೇ ಹಣ ತೆತ್ತಿದ್ದೆವು. ಮೇಲಾಗಿ, ಮಂಜೂರಾತಿಯ ಮೊದಲು ಚಾಲೂ ಮಾಡಿದ್ದೂ ತಪ್ಪೇ.

“ಮೀಟರು ಯಾವಾಗ ಬರುತ್ತದೆ?” ಎಂದು ಕೇಳಿದೆವು. ಅವರು ಕಂಪ್ಯೂಟರು ನೋಡಿ, “ಕೆಲಸ ಮುಗಿದ ಬಗ್ಗೆ ನಿಮ್ಮ ಕಂಪನಿಯಿಂದ ಕಾಗದವೇ ಬಂದಿಲ್ಲವಲ್ಲ” ಎಂದರು. ತಡ ಅವರದಲ್ಲ. ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳು ಎಂದು 2020ರಲ್ಲಿ ಬಂದವು. 2024ರ ತಿದ್ದುಪಡಿಯ ಪ್ರಕಾರ 10 ಕಿಲೋವಾಟಿನವರೆಗಿನ ಮನೆಯ ಅರ್ಜಿಗೆ ತಾಂತ್ರಿಕ ಪರಿಶೀಲನೆಯ ಅಡ್ಡಿಯಿಲ್ಲ, ಒಪ್ಪಿದಂತೆಯೇ ಲೆಕ್ಕ. ಕೆಲಸ ಮುಗಿದ ಕಾಗದ ಸೇರಿದ ಮೇಲೆ ಚಾಲನೆ ಕೊಡಲು ಮೊದಲು ಇದ್ದ 30 ದಿನದ ಅವಧಿಯನ್ನು 15 ದಿನಕ್ಕೆ ಇಳಿಸಿದ್ದಾರೆ. ಇದನ್ನು ತಿಳಿದವರು ಎಷ್ಟು ಜನ? “ಆಫೀಸಿನಾಗ ತಡಾ” ಎಂಬ ಒಂದು ಮಾತಿನಲ್ಲಿ ಎಲ್ಲ ಮುಚ್ಚಿಹೋಗುತ್ತದೆ. ಸರಕಾರಿ ಕಚೇರಿಯವರಾದ ನಾವೇ ಅದನ್ನು ನಂಬಿದೆವೆಂದ ಮೇಲೆ ಬೇರೆಯವರ ಮಾತೇನು!

ಕಂಪನಿ ಯಾಕೆ ಕಾಗದ ಕಳಿಸಿರಲಿಲ್ಲ ಎಂಬುದು ಇನ್ನೂ ಒಂದು ತಿಂಗಳ ನಂತರ ಬಯಲಾಯಿತು. ಸಹಾಯಧನ ಸಿಗಬೇಕಾದರೆ ಫಲಕವೂ ಅದರೊಳಗಿನ ಕೋಶಗಳೂ ಎರಡೂ ನಮ್ಮ ದೇಶದಲ್ಲಿಯೇ ತಯಾರಾದವಾಗಿರಬೇಕು. ಇದಕ್ಕೆ ಡಿ.ಸಿ.ಆರ್. ಫಲಕ ಎನ್ನುತ್ತಾರೆ. ಹೊರಗಿನ ಕೋಶ ತಂದು ಇಲ್ಲಿ ಜೋಡಿಸಿದವು ಅಗ್ಗವಾಗಿ ಸಿಗುತ್ತವೆ. ನೋಡಲು ಒಂದೇ ಹಾಗೆ. ಪ್ರತಿಯೊಂದು ಫಲಕದ ಮೇಲೂ ಕ್ರಮಸಂಖ್ಯೆ ಇರುತ್ತದೆ, ಅದರಿಂದ ಕುಲಗೋತ್ರ ಗೊತ್ತಾಗುತ್ತದೆ. ನಮ್ಮ ಮಾಳಿಗೆಯ ಆರೂ ಅಗ್ಗದವು. ಅವುಗಳ ಸಂಖ್ಯೆ ಕಳಿಸಿದರೆ ಅರ್ಜಿ ತಿರಸ್ಕಾರವಾಗುತ್ತಿತ್ತು, ಆದುದರಿಂದ ಕಳಿಸಿರಲಿಲ್ಲ. ಬಿಲ್ಲಿನ ಮೇಲೆ ಇದ್ದ ಕಂಪನಿಗೆ ಫೋನು ಮಾಡಿದರೆ, “ಆ ಹುಡುಗ ಮೊದಲು ನಮಗೆ ಗಿರಾಕಿ ತಂದುಕೊಡುತ್ತಿದ್ದ, ಈಗ ನಮಗೂ ಅವನಿಗೂ ಸಂಬಂಧವಿಲ್ಲ” ಎಂಬ ಉತ್ತರ. ಆದರೆ ಸರಕಾರದ ಜಾಲತಾಣದಲ್ಲಿ ನಮ್ಮ ಅರ್ಜಿಯ ಎದುರಿಗೆ ಇದ್ದದ್ದು ಅವರ ಹೆಸರೇ.

ಇಷ್ಟರಲ್ಲಿ ಅಕ್ಕಾವರು ಬಂದರು. ಎರಡು ಕಿಲೋವಾಟಿಗೆಂದು 1,30,000 ರೂಪಾಯಿಯನ್ನು ಒಂದೇ ಕಂತಿನಲ್ಲಿ, ಕಂಪನಿಯ ಖಾತೆಗಲ್ಲ, ಹುಡುಗನ ಸ್ವಂತ ಖಾತೆಗೆ ಕಳಿಸಿದ್ದರು. ಒಂದು ಫಲಕವೂ ಬಂದಿರಲಿಲ್ಲ. “ನೀವು ಹೇಳಿದ್ರೆಲ್ಲಾ ಅಂತ ಕೊಟ್ಟೆ ನೋಡ್ರಿ” ಎಂದರೇ ಹೊರತು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಆ ದಿನ ನಮ್ಮ ಮನೆಯಲ್ಲಿ ಊಟ ಯಾರಿಗೂ ಸೇರಲಿಲ್ಲ.

ದೂರು ಕೊಡುವ ಮಾತು ಬಂದಾಗ ಸಂಘದ ಕೆಲವು ಹಿರಿಯರು ನಮ್ಮನ್ನು ಬದಿಗೆ ಕರೆದು, “ಬ್ಯಾರೇ ಊರಾಗ ಹೊಟ್ಟಿ ಹೊರಕೊಳ್ಳಾಕ ಬಂದ ಹುಡುಗ. ನಮ್ಮವರ ಮ್ಯಾಲ ನಾವ ಬರಕೊಟ್ರ ಸಂಘದ ಹೆಸರು ಕೆಡತೈತಿ” ಎಂದರು. ಅವರ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನಲವತ್ತು ವರ್ಷದ ಹಿಂದೆ ನಮ್ಮ ತಂದೆಯವರಿಗೆ ಬಾಡಿಗೆ ಕೋಣೆ ಸಿಕ್ಕಿದ್ದು ಇಂಥ ಹಿರಿಯರ ಒಂದು ಮಾತಿನಿಂದಲೇ. ನಾವು ಎರಡು ವಾರ ಸುಮ್ಮನಿದ್ದೆವು. ಕೊನೆಗೆ ನಮ್ಮ ಮನೆಯವರೇ, “ಅಕ್ಕಾವರು ನಮ್ಮವರು ಅಲ್ಲೇನ್ರಿ?” ಎಂದು ಕೇಳಿದರು. ಆ ರಾತ್ರಿಯೇ ಕಾಗದ ಬರೆಯಲು ಕುಳಿತೆವು.

ಬರೆಯುವುದು ನಮಗೆ ಬರುವ ಒಂದೇ ವಿದ್ಯೆ. ತಾರೀಖಿನ ಪ್ರಕಾರ ನಡೆದದ್ದು, ಹಣ ಹೋದ ದಾಖಲೆ, ಮೊಬೈಲಿನಲ್ಲಿ ಅವನು ಕಳಿಸಿದ ಸಂದೇಶಗಳ ಪ್ರತಿ, ಫಲಕದ ಕ್ರಮಸಂಖ್ಯೆಯ ಚಿತ್ರ, ಎಲ್ಲವನ್ನೂ ಜೋಡಿಸಿ ಕಂಪನಿಗೆ ರಿಜಿಸ್ಟರ್ ಅಂಚೆಯಲ್ಲಿ ನೋಟೀಸು ಕಳಿಸಿದೆವು. ಜೊತೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನು ಮಾಡಿದೆವು. ಅದರ ಸಂಖ್ಯೆ 1915. ಹದಿನೇಳು ಭಾಷೆಗಳಲ್ಲಿ ದೂರು ಹೇಳಬಹುದು, ಅವುಗಳಲ್ಲಿ ಕನ್ನಡವೂ ಒಂದು. ಪುಣೆಯಲ್ಲಿ ಕುಳಿತು ಕನ್ನಡದಲ್ಲಿ ಗೋಳು ಹೇಳಿಕೊಳ್ಳುವ ಸೌಕರ್ಯವಿದೆಯೆಂದು ಅಕ್ಕಾವರಿಗೆ ತಿಳಿದಾಗ ಅವರ ಮುಖದಲ್ಲಿ ಆ ತಿಂಗಳಲ್ಲೇ ಮೊದಲ ಬಾರಿ ನಗು ಕಂಡಿತು.

ನಮ್ಮ ಮಟ್ಟಿಗೆ ಕೆಲಸ ಆಯಿತು. ಕಂಪನಿಯವರಿಗೆ ಜಾಲತಾಣದ ಪಟ್ಟಿಯಲ್ಲಿ ತಮ್ಮ ಹೆಸರು ಉಳಿಯುವ ಚಿಂತೆ, ನಮ್ಮ ಕೈಯಲ್ಲಿ ಇನ್ನೂ ಕೊಡದ 45,000 ರೂಪಾಯಿ. ಮೇ ತಿಂಗಳಿನಲ್ಲಿ ಆರೂ ಫಲಕ ಬದಲಾದವು, ತೊಟ್ಟಿಯ ನೆರಳಿನಿಂದ ಆಚೆಗೆ ಸರಿದವು. ಜೂನಿನಲ್ಲಿ ನೆಟ್ ಮೀಟರು ಬಂತು. ಜುಲೈಯಲ್ಲಿ ತಂದೆಯವರ ಖಾತೆಗೆ 78,000 ಜಮೆಯಾಯಿತು. ನಗದು ಕೊಟ್ಟ 20,000ಕ್ಕೆ ಪಾವತಿ ಇರಲಿಲ್ಲ, ಆದುದರಿಂದ ಅದು ಹೋಯಿತು. ಹನ್ನೆರಡು ತೂತುಗಳಲ್ಲಿ ಎರಡು ಮಳೆಗಾಲದಲ್ಲಿ ಸೋರಿ ದೇವರ ಕೋಣೆಯ ಗೋಡೆ ಪಾಚಿಗಟ್ಟಿತು.

ಈಗ ಆ ಹುಡುಗ ಬಾಯಿಂದ ಹೇಳಿದ ಮಾತುಗಳನ್ನು ಸ್ವಲ್ಪ ನೋಡೋಣ, ಏಕೆಂದರೆ ನಿಮ್ಮ ಮನೆಗೆ ಬರುವವನೂ ಇವನ್ನೇ ಹೇಳುತ್ತಾನೆ. “ಬಿಲ್ಲು ಸೊನ್ನೆ” ಎಂದ. ಯೂನಿಟ್ಟು ಸೊನ್ನೆಯಾದರೂ ನಿಗದಿ ಶುಲ್ಕ ತಪ್ಪುವುದಿಲ್ಲ. “ತಿಂಗಳಿಗೆ 450 ಯೂನಿಟ್ಟು” ಎಂದ. ಒಂದು ಕಿಲೋವಾಟಿಗೆ ದಿನಕ್ಕೆ ಸುಮಾರು ನಾಲ್ಕು ಯೂನಿಟ್ಟು ಎಂಬುದು ಸಾಧಾರಣ ಲೆಕ್ಕ. ಮೂರಕ್ಕೆ ತಿಂಗಳಿಗೆ 360 ಆದರೆ ಸಂತೋಷ, ಮಳೆಗಾಲದಲ್ಲಿ ಅದೂ ಇಲ್ಲ. “ಇಪ್ಪತ್ತೈದು ವರ್ಷ ಗ್ಯಾರಂಟಿ” ಎಂದ. ಅದು ಫಲಕ ತಯಾರಿಸಿದವನು, ಇಷ್ಟು ವರ್ಷದ ಮೇಲೂ ಉತ್ಪತ್ತಿ ಇಂತಿಷ್ಟಕ್ಕಿಂತ ಕೆಳಗೆ ಇಳಿಯದೆಂದು ಕೊಡುವ ಮಾತು. ಗೋಡೆಯ ಮೇಲಿನ ಇನ್ವರ್ಟರಿನ ಗ್ಯಾರಂಟಿ ಬೇರೆ, ಬಹಳ ಕಡಿಮೆ ವರ್ಷದ್ದು. ಕೂಡಿಸಿದ ಕೆಲಸದ ಜವಾಬ್ದಾರಿ ಮಾರಾಟಗಾರನದು, ಈ ಯೋಜನೆಯಲ್ಲಿ ಐದು ವರ್ಷ ನಿಗಾ ನೋಡಿಕೊಳ್ಳುವುದು ಅವನ ಕರ್ತವ್ಯ. ಮೂರು ಗ್ಯಾರಂಟಿಗೆ ಮೂರು ಕಾಗದ ಬೇಕು.

“ಲೈಟು ಹೋದ್ರೂ ನಿಮ್ಮನ್ಯಾಗ ಬೆಳಕ ಇರತೈತಿ” ಎಂದದ್ದು ಎಲ್ಲಕ್ಕಿಂತ ದೊಡ್ಡ ಸುಳ್ಳು. ಬ್ಯಾಟರಿ ಇಲ್ಲದ ಸಾದಾ ವ್ಯವಸ್ಥೆಯಲ್ಲಿ ಹೊರಗಿನ ವಿದ್ಯುತ್ತು ಹೋದ ಕ್ಷಣವೇ ಇನ್ವರ್ಟರು ತಾನಾಗಿ ನಿಲ್ಲಬೇಕು. ಕಂಬದ ಮೇಲೆ ತಂತಿ ರಿಪೇರಿ ಮಾಡುವವನಿಗೆ ನಮ್ಮ ಮಾಳಿಗೆಯ ವಿದ್ಯುತ್ತು ತಾಕಿ ಜೀವ ಹೋಗಬಾರದೆಂದು ಮಾಡಿದ ಏರ್ಪಾಟು ಅದು, ಒಳ್ಳೆಯದೇ. ಆದರೆ ಮೊದಲೇ ಹೇಳಬೇಕಿತ್ತು. ಮೊದಲ ಸಲ ಲೈಟು ಹೋಗಿ, ನೆತ್ತಿಯ ಮೇಲೆ ಬಿಸಿಲು ಸುಡುತ್ತಿರುವಾಗ ಫ್ಯಾನು ನಿಂತದ್ದನ್ನು ನೋಡಿ ನಮ್ಮ ಮನೆಯವರು ಏನೂ ಅನ್ನಲಿಲ್ಲ, ಬೀಸಣಿಗೆ ತಂದು ನಮ್ಮ ಕೈಗೆ ಕೊಟ್ಟರು.

ಹಾಗಾದರೆ ಏನು ಮಾಡಬೇಕು? ಅರ್ಜಿಯನ್ನು ನಿಮ್ಮ ಮೊಬೈಲಿನಿಂದ ನೀವೇ ತುಂಬಿರಿ, ಬಾರದಿದ್ದರೆ ಮಕ್ಕಳಿಂದ ತುಂಬಿಸಿರಿ. ಗುಪ್ತ ಅಂಕಿಯನ್ನು ಹೇಳಿದರೆ ಸಹಿ ಹಾಕಿಕೊಟ್ಟಂತೆ. ಮಾರಾಟಗಾರನ ಹೆಸರು ಜಾಲತಾಣದ ಪಟ್ಟಿಯಲ್ಲಿ ಇರಬೇಕು, ಬಿಲ್ಲಿನಲ್ಲಿಯೂ ಬ್ಯಾಂಕ್ ಖಾತೆಯಲ್ಲಿಯೂ ಅದೇ ಹೆಸರು ಇರಬೇಕು. ಗ್ರಾಹಕನಿಗೂ ಮಾರಾಟಗಾರನಿಗೂ ಆಗಬೇಕಾದ ಕರಾರಿನ ಮಾದರಿಯನ್ನು ಸರಕಾರವೇ ಅಲ್ಲಿ ಇಟ್ಟಿದೆ. ಅದರಲ್ಲಿ ಫಲಕದ ತಯಾರಕ, ವಾಟು, ಡಿ.ಸಿ.ಆರ್. ಎಂಬ ಮಾತು, ಚಪ್ಪರ ನಿಲ್ಲಿಸುವ ರೀತಿ, ಮಾಳಿಗೆ ಸೋರಿದರೆ ಯಾರ ಖರ್ಚು ಎಂಬುದನ್ನೂ ಬರೆಸಿರಿ. ಹಣವನ್ನು ಕಂತಿನಲ್ಲಿ ಕೊಡಿರಿ, ಕೊನೆಯ ಕಂತು ನೆಟ್ ಮೀಟರು ತಿರುಗಿದ ಮೇಲೆ. ಆ ಕಂತು ಸಣ್ಣದಾಗಿರಬಾರದು. ನಮ್ಮನ್ನು ಉಳಿಸಿದ್ದು ಆ 45,000, ಅಕ್ಕಾವರ ಹತ್ತಿರ ಉಳಿದದ್ದು ಏನೂ ಇರಲಿಲ್ಲ.

ಊರಿನಲ್ಲಿ ತಂದೆತಾಯಿಗಳಿರುವ ಮನೆಗೆ ಇದನ್ನು ಮಾಡಿಸಬೇಕೆಂದು ಇಲ್ಲಿಂದಲೇ ಹಣ ಕಳಿಸುವವರಿಗೆ ಇನ್ನೊಂದು ಮಾತು. ಕರ್ನಾಟಕದಲ್ಲಿ 2023ರಲ್ಲಿ ಬಂದ ಗೃಹಜ್ಯೋತಿಯಿಂದ ಮುದುಕರಿಬ್ಬರ ಎಷ್ಟೋ ಮನೆಗಳ ಬಿಲ್ಲು ಈಗಾಗಲೇ ಸೊನ್ನೆ. ಸೊನ್ನೆಯಲ್ಲಿ ಏನು ಉಳಿಸುತ್ತೀರಿ? ಮೊದಲು ಹಳೆಯ ಬಿಲ್ಲು ತರಿಸಿ ನೋಡಿರಿ. ಮಾಡಿಸಿ ಮೋಸಹೋದರೆ ಊರಿಗೆ ಓಡಬೇಕಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯದೆಯ ಪ್ರಕಾರ, ದೂರುದಾರ ತಾನು ವಾಸಿಸುವ ಅಥವಾ ದುಡಿಯುವ ಊರಿನ ಜಿಲ್ಲಾ ಆಯೋಗದಲ್ಲಿಯೇ ದೂರು ಕೊಡಬಹುದು. 1986ರ ಹಳೆಯ ಕಾಯದೆಯಲ್ಲಿ ಈ ಸೌಕರ್ಯ ಇರಲಿಲ್ಲ. ನಮ್ಮಂಥ ಪರ ಊರಿನವರಿಗೆಂದೇ ಬರೆದಂತಿದೆ. ಆದರೆ ಹಣ ಕಳಿಸಿದವರ ಹೆಸರೂ ಬಿಲ್ಲಿನ ಮೇಲಿನ ಹೆಸರೂ ಬೇರೆ ಬೇರೆಯಾದರೆ ಗ್ರಾಹಕ ಯಾರೆಂಬ ತಕರಾರು ಏಳುವುದುಂಟು. ಕರಾರು ಮಾಡುವಾಗಲೇ ನೋಡಿಕೊಳ್ಳಬೇಕು. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ವಕೀಲರು ಇರಲೇಬೇಕೆಂದಿಲ್ಲ. ಅವಧಿ ಮಾತ್ರ ಎರಡು ವರ್ಷ. 2025ರಿಂದ ಇ-ಜಾಗೃತಿ ಎಂಬ ಜಾಲತಾಣದಲ್ಲಿ ಮನೆಯಲ್ಲೇ ಕುಳಿತು ದಾಖಲು ಮಾಡಬಹುದು.

ಅಕ್ಕಾವರ ದೂರನ್ನು ನಾವೇ ಕುಳಿತು ಬರೆದು ಹಾಗೆ ದಾಖಲಿಸಿದೆವು. ಅದು ಜಿಲ್ಲಾ ಆಯೋಗದ ಮುಂದಿದೆ. ಪ್ರತಿ ತಾರೀಖಿಗೂ ಅವರ ಜೊತೆ ಹೋಗುತ್ತೇವೆ. ನಮ್ಮ ಸಾಂದರ್ಭಿಕ ರಜೆಗಳು ಹೀಗೆ ಕರಗುತ್ತಿವೆ. 2025ರ ರಾಜ್ಯೋತ್ಸವದ ಊಟಕ್ಕೆ ಆ ಹುಡುಗ ಬರಲಿಲ್ಲ. ಬದಿಗೆ ಕರೆದು ಬುದ್ಧಿ ಹೇಳಿದ್ದ ಹಿರಿಯರಲ್ಲಿ ಒಬ್ಬರು ಅಕ್ಕಾವರ ಪಕ್ಕದ ಎಲೆಗೆ ಬಂದು ಕುಳಿತು, ಮುಂದಿನ ತಾರೀಖು ಯಾವಾಗ ಎಂದು ಕೇಳಿದರು.

ಸೌರ ಫಲಕದ ಕರಾರುಪತ್ರ ಕೈಗೆ ಬಂದವರು ಸಹಿ ಹಾಕುವ ಮೊದಲು ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರೊಳಗೆ ಸಂಘದ ವಾಚನಾಲಯಕ್ಕೆ ತಂದರೆ ಕೂಡಿ ಓದೋಣ. ತಂದೆಯವರೂ ಡೈರಿ ಹಿಡಿದುಕೊಂಡು ಬರುತ್ತೇನೆಂದಿದ್ದಾರೆ.